ಶಿವನೇ, ಇದು ಹಂದಿಯಾಗಲಿ

ಕೂತಲ್ಲಿ ಕೂರುವುದೂ ಒಂದು ವಿದ್ಯೆ. ನನಗೆ ಅದು ಹುಟ್ಟಿನಿಂದ ಒಲಿಯಲಿಲ್ಲ. ಊಟಕ್ಕೆ ಕೂತರೆ ಎರಡನೇ ತುತ್ತಿಗೆ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತೇನೆ. ಚಿಲಕ ನೋಡಿ ಬಂದ ಮೇಲೆ, ನೋಡಿದ್ದು ಮುಂಬಾಗಿಲೋ ಹಿತ್ತಿಲ ಬಾಗಿಲೋ ಎಂದು ಅನುಮಾನ ಬಂದು ಮತ್ತೆ ಏಳುತ್ತೇನೆ. ‘ಇವ್ನ ಕಾಲಲ್ಲಿ ಚಕ್ರ ಐತೆ’ ಎಂದು ನಮ್ಮವ್ವ ಹೇಳುವುದೂ, ‘ಕಾಲಲ್ಲಲ್ಲ ಅತ್ತೆ, ತಲೇಲಿ’ ಎಂದು ನನ್ನ ಹೆಂಡತಿ ನಾಗರತ್ನ ತಿದ್ದುವುದೂ ಕಡೂರಿನ ನಮ್ಮ ಮನೆಯಲ್ಲಿ ದಿನಬೆಳಗಾದರೆ ನಡೆಯುತ್ತಿದ್ದ ಸಂಗತಿ. ಇಂಥ ಸ್ವಭಾವದವನು ಹವ್ಯಾಸಗಳಿಂದ ದೂರ ಇರಬೇಕು. ಇದ್ದರೂ ಅಂಚೆಚೀಟಿಯಂಥ ಬಡಪಾಯಿ ಹವ್ಯಾಸ ಇಟ್ಟುಕೊಳ್ಳಬೇಕು. ನಾನು ಹೋಗಿ ಹೋಗಿ ಹಚ್ಚಿಕೊಂಡದ್ದು ಎರಡು ಸಾವಿರ ವರ್ಷ ಹಳೆಯ ರೋಮ್ ನಾಣ್ಯಗಳನ್ನು, ಅದರಲ್ಲೂ ಪ್ರಾಣಿಗಳ ಚಿತ್ರ ಇರುವವನ್ನು.

ರೋಮಿಗೂ ಕಡೂರಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಾಗರತ್ನಳೂ ಕೇಳಿದ್ದಳು. ಹಿಂದೆ ಅವರು ನಮ್ಮ ಕಡೆಯ ಮೆಣಸಿಗೂ ಬಟ್ಟೆಗೂ ಬೆಳ್ಳಿ ಸುರಿದು ಹೋಗುತ್ತಿದ್ದರಂತೆ. ಆ ಬೆಳ್ಳಿ ಈಗಲೂ ಅಲ್ಲೊಂದು ಇಲ್ಲೊಂದು ನೇಗಿಲ ಬಾಯಿಗೆ ಸಿಕ್ಕುತ್ತದೆ. ಹಾಗೆಂದು ನನಗೆ ಹೇಳಿ ನನ್ನನ್ನು ಕೆಡಿಸಿದವರು ಅಜ್ಜಂಪುರದ ಮರುಳಪ್ಪ ಮೇಷ್ಟ್ರು. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಹತ್ತಿರ ಬೆನ್ನು ಕಿತ್ತುಹೋದ ಒಂದು ವಿಲಾಯಿತಿ ಕೆಟಲಾಗು, ಹಿಡಿ ಮುರಿದ ಒಂದು ಭೂತಗನ್ನಡಿ ಇದ್ದವು. ಇಷ್ಟರ ಬಲದಿಂದ ಅವರು ನಾಣ್ಯದ ಬೆಲೆ ಕಟ್ಟುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಮೂರು ತಾಲ್ಲೂಕಿಗೂ ಈ ವಿದ್ಯೆಯಲ್ಲಿ ಅವರು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಶಿಷ್ಯನೂ ನಾನೊಬ್ಬನೇ.

ರಾಜರ ಮುಖವಿರುವ ನಾಣ್ಯಗಳು ನನಗೆ ಹಿಡಿಸಲಿಲ್ಲ. ಎಲ್ಲ ಮುಖಗಳೂ ನಮ್ಮ ಕಚೇರಿಯ ಮೇಲಧಿಕಾರಿಗಳ ಹಾಗೆ ಗಂಟಿಕ್ಕಿಕೊಂಡೇ ಇರುತ್ತಿದ್ದವು. ದಿನವಿಡೀ ಕಚೇರಿಯಲ್ಲಿ ಅದನ್ನು ನೋಡಿದವನಿಗೆ ಭಾನುವಾರವೂ ಅದೇ ಯಾಕೆ? ಪ್ರಾಣಿಗಳಾದರೆ ಹಾಗಲ್ಲ; ಓಡುತ್ತವೆ, ನೆಗೆಯುತ್ತವೆ, ನನ್ನ ಹಾಗೆ ಕೂತಲ್ಲಿ ಕೂರುವುದಿಲ್ಲ. ಮೊದಲು ನನ್ನ ಬಳಿ ಇದ್ದದ್ದು ಎರಡು ತಾಮ್ರದ ಬಿಲ್ಲೆ. ಒಂದರಲ್ಲಿ ಆನೆಯಿದೆ, ಇನ್ನೊಂದರಲ್ಲಿ ಸಿಂಹವಿದೆ ಎಂದು ಮೇಷ್ಟ್ರು ಹೇಳಿದ್ದರು. ನಾಗರತ್ನ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಆನೆ ಎಲ್ಲೈತೆ? ಇಡ್ಲಿ ಪಾತ್ರೆ ಇದ್ದಂಗೈತೆ’ ಅಂದಳು. ಸಿಂಹದ ವಿಷಯದಲ್ಲಿ ಏನೂ ಹೇಳದೆ ಒಳಕ್ಕೆ ಹೋದಳು. ಅದೇ ಹೆಚ್ಚು ನೋಯಿಸಿತು.

ಹೀಗಿರುವಾಗ ತರೀಕೆರೆಯಲ್ಲಿ ಹಳೇ ಪಾತ್ರೆ ಕೊಂಡು ಕರಗಿಸುವ ರುದ್ರಾಚಾರಿಯ ಅಂಗಡಿಯಲ್ಲಿ ಆ ಬೆಳ್ಳಿ ನಾಣ್ಯ ಕಂಡಿತು. ಹಳೆಯ ನಾಲ್ಕಾಣೆಯಷ್ಟು ಅಗಲ, ಒಂದು ಕಡೆ ಹೆಣ್ಣಿನ ಮುಖ, ಇನ್ನೊಂದು ಕಡೆ ತಲೆ ತಗ್ಗಿಸಿ ನುಗ್ಗುತ್ತಿರುವ ಒಂದು ನಾಲ್ಕು ಕಾಲಿನ ಪ್ರಾಣಿ. ಮೂತಿಯ ಮೇಲೂ ಬೆನ್ನ ಮೇಲೂ ಕರೀ ಕಿಲುಬು ಗಟ್ಟಿಯಾಗಿ ಕೂತು ಅದು ಇಂಥದ್ದೇ ಎಂದು ಹೇಳುವ ಹಾಗಿರಲಿಲ್ಲ. ನಾನು ಅದನ್ನು ಮೂರು ಸಲ ಕೆಳಗಿಟ್ಟು ಮೂರು ಸಲ ಎತ್ತಿಕೊಂಡೆ. ಅದನ್ನು ರುದ್ರಾಚಾರಿ ನೋಡಿದ. ವ್ಯಾಪಾರ ಅಲ್ಲಿಗೆ ಮುಗಿಯಿತು. ‘ನೀವ್ ಬಂದಿರೋ ಆ ಸೈಕಲ್ ಬಿಟ್ಟೋಗಿ, ಇದನ್ನ ತಗೊಂಡೋಗಿ’ ಅಂದ. ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿದ್ದ ಸೈಕಲ್ಲು ಅದು. ಅಲ್ಲಿನ ಕೆಲಸಗಳಿಗೆ ಓಡಾಡಲು ಬೇಕೆಂದು ಒಯ್ದಿದ್ದೆ. ಬಿಟ್ಟು ಬಂದೆ. ಮನೆಯಲ್ಲಿ ‘ಸೈಕಲ್ ರಿಪೇರಿಗೆ ಕೊಟ್ಟಿದ್ದೀನಿ’ ಅಂದೆ. ‘ಕಡೂರಲ್ಲಿ ರಿಪೇರಿ ಮಾಡೋರು ಸತ್ತೋದ್ರಾ?’ ಎಂದು ನಾಗರತ್ನ ಕೇಳಿದಳು. ನಾನು ಚಿಲಕ ನೋಡಿ ಬರಲು ಎದ್ದು ಹೋದೆ.

ಮುಂದಿನ ಭಾನುವಾರವೇ ಪ್ಯಾಸೆಂಜರ್ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಮೇಷ್ಟ್ರು ನಾಣ್ಯವನ್ನು ಜಗಲಿಯ ಬಿಸಿಲಿಗೆ ತಂದು ನೋಡಿದರು, ಒಳಗೆ ಒಯ್ದು ನೋಡಿದರು, ಕೆಟಲಾಗಿನ ಪುಟ ತಿರುವಿದರು. ಕೊನೆಗೆ, ‘ನೋಡಪ್ಪಾ ಓಂಕಾರಪ್ಪ, ಇದು ಹೋರಿಯಾದ್ರೆ ಸಾಧಾರಣ. ಹೋರಿ ಬೇಕಾದಷ್ಟವೆ. ಕಾಡುಹಂದಿಯಾದ್ರೆ ಮಾತ್ರ ಭಾರಿ ಅಪರೂಪ’ ಎಂದರು. ಮೈಸೂರಿನಲ್ಲಿ ಅವರಿಗೆ ಗೊತ್ತಿದ್ದ ಒಬ್ಬ ಸಂಗ್ರಾಹಕರು ಹಂದಿಯ ನಾಣ್ಯಕ್ಕಾಗಿ ವರ್ಷಗಳಿಂದ ಕಾದು ಕೂತಿದ್ದರಂತೆ. ಹಂದಿಯೇ ಆದರೆ ಎರಡು ಹೊಸ ಸೈಕಲ್ಲು, ಮೇಲೊಂದು ರೇಡಿಯೋ ಬರುವಷ್ಟು ಕೊಡುತ್ತಾರಂತೆ. ‘ಹೇಗೆ ಗೊತ್ತಾಗೋದು ಮೇಷ್ಟ್ರೇ?’ ಅಂದೆ. ‘ಬೆನ್ನಲ್ಲಿ ಗೊತ್ತಾಗ್ತದೆ. ರೋಮಿನ ಹೋರಿಗೆ ನಮ್ಮ ಹೋರಿ ತರ ಹಿಣಿಲು ಇರಲ್ಲ, ಬೆನ್ನು ಚಪ್ಪಟೆ. ಈ ಕಿಲುಬಿನ ಕೆಳಗೆ ಹಿಣಿಲಿದ್ದಂಗೆ ಉಬ್ಬು ಕಂಡ್ರೆ, ಅದು ಹಿಣಿಲಲ್ಲ, ಹಂದಿಯ ಬಿರುಗೂದಲು ಅಂತ ತಿಳ್ಕೊ’ ಎಂದರು. ಹಾಗಾದರೆ ಕಿಲುಬನ್ನು ಹುಣಿಸೆಹಣ್ಣು ಹಾಕಿ ಉಜ್ಜಿಬಿಡೋಣ ಎಂದದ್ದಕ್ಕೆ ಅವರು ಕೂಗಿಕೊಂಡ ಕೂಗಿಗೆ ಒಳಗಿನಿಂದ ಅವರ ಮನೆಯವರು ಓಡಿಬಂದರು. ಉಜ್ಜಿದರೆ ಬೆಲೆ ಹೋಯಿತು. ತಾನಾಗಿ ಬಿಡಬೇಕು. ತಿಂಗಳೋ ವರ್ಷವೋ, ಕಾಯಬೇಕು.

ಕಾಯುವುದು! ಯಾರಿಗೆ ಹೇಳುತ್ತಿದ್ದೇವೆಂದು ಆ ಮಹಾರಾಯರಿಗೆ ಗೊತ್ತಿದ್ದರೆ ತಾನೆ?

ಆಮೇಲಿನ ನನ್ನ ಅವಸ್ಥೆ ಶತ್ರುವಿಗೂ ಬೇಡ. ನಾಣ್ಯವನ್ನು ಇಡುವುದೆಲ್ಲಿ? ಟ್ರಂಕಿನಲ್ಲಿಟ್ಟರೆ ಕಳ್ಳರ ಭಯ. ಅಕ್ಕಿ ಡಬ್ಬಿಯಲ್ಲಿಟ್ಟರೆ ಅನ್ನದಲ್ಲಿ ಬೆಂದುಹೋಗುವ ಭಯ. ಜೇಬಿನಲ್ಲಿಟ್ಟರೆ ಬಟ್ಟೆ ಒಗೆಯುವ ಕಲ್ಲಿನ ಭಯ. ಒಂದು ದಿನ ಗೋಡೆಯ ಗೂಡಿನಲ್ಲಿ ಇಟ್ಟು ಕಚೇರಿಗೆ ಹೋದವನು, ಸಹಿ ಹಾಕುವ ಹೊತ್ತಿಗೆ ಎದೆ ಝಲ್ಲೆಂದು ಮನೆಗೆ ಓಡಿಬಂದೆ. ಸೈಕಲ್ಲಿಲ್ಲದ ಓಟ ಬೇರೆ. ಕೊನೆಗೆ ಹೊಳೆಯಿತು. ನನ್ನ ಮೈಬಿಟ್ಟು ಎಂದೂ ಹೋಗದ, ಹೆಂಡತಿಯೂ ಮುಟ್ಟದ ಜಾಗ ಒಂದೇ ಒಂದಿತ್ತು: ಕೊರಳಲ್ಲಿದ್ದ ಕರಡಿಗೆ. ಇಷ್ಟಲಿಂಗವನ್ನು ಇಟ್ಟು ನಾವು ಸದಾ ಧರಿಸುವ ಆ ಬೆಳ್ಳಿಯ ಪುಟ್ಟ ಸಂಪುಟದಲ್ಲಿ, ಲಿಂಗಕ್ಕೆ ಸುತ್ತಿದ ಬಟ್ಟೆಯ ಕೆಳಗೆ, ನಾಣ್ಯ ಹೇಳಿ ಮಾಡಿಸಿದ ಹಾಗೆ ಕೂತುಕೊಂಡಿತು. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಕೈ ಮುಗಿದು, ‘ಸ್ವಲ್ಪ ದಿನ ಸರ್ಕೊಂಡು ಜಾಗ ಕೊಡಪ್ಪಾ’ ಎಂದು ಕೇಳಿಕೊಂಡೇ ಮಾಡಿದೆ.

ಕಿಲುಬು ಬಿಟ್ಟಿತೇ ಎಂದು ಗಂಟೆಗೊಮ್ಮೆ ನೋಡಬೇಕಲ್ಲ. ಕಚೇರಿಯಲ್ಲಿ ಮೂಲೆಗೆ ಹೋಗಿ ಗೋಡೆ ಕಡೆ ತಿರುಗಿ, ಕರಡಿಗೆ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದೆ. ಬಸ್ ನಿಲ್ದಾಣದಲ್ಲಿ, ಕಟಿಂಗ್ ಅಂಗಡಿಯಲ್ಲಿ, ಹೋಟೆಲಿನಲ್ಲಿ ದೋಸೆ ಬರುವ ಮುಂಚೆ, ಎಲ್ಲ ಕಡೆಯೂ ಅದೇ. ಬೆಳಿಗ್ಗೆ ಪೂಜೆಗೆ ಕೂತರಂತೂ ಮುಗಿಯುತ್ತಲೇ ಇರಲಿಲ್ಲ. ಮೊದಲೆಲ್ಲ ಮೂರು ನಿಮಿಷದಲ್ಲಿ ಲಿಂಗಪೂಜೆ ಮುಗಿಸಿ ಎದ್ದುಬಿಡುತ್ತಿದ್ದವನು ಈಗ ಅಂಗೈ ಮೇಲೆ ಕಣ್ಣು ನೆಟ್ಟು ಮುಕ್ಕಾಲು ಗಂಟೆ ಕೂರತೊಡಗಿದೆ. ತುಟಿ ಅಲ್ಲಾಡುತ್ತಿತ್ತು. ಪಂಚಾಕ್ಷರಿ ಎಂದು ಎಲ್ಲರೂ ತಿಳಿದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ನಾಣ್ಯ ಹಿಡಿದು ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ ವರ: ‘ಶಿವನೇ, ಇದು ಹಂದಿಯಾಗಲಿ. ಹೋರಿ ಮಾತ್ರ ಮಾಡಬೇಡ.’ ವೃಷಭವಾಹನನ ಎದುರಿಗೇ ಕೂತು ವೃಷಭ ಬೇಡ, ಹಂದಿ ಕೊಡು ಎಂದು ಕೇಳಿದ ಭಕ್ತ ನನಗಿಂತ ಮೊದಲು ಯಾರೂ ಇರಲಾರರು.

ಮನೆಯಲ್ಲಿ ನನ್ನ ಕಿಮ್ಮತ್ತು ಏರಿತು. ‘ನಿಮ್ಮ ಮಗ ಒಂದ್ಕಡೆ ಕೂರ್ತಾರಲ್ಲ ಅತ್ತೆ, ಏನಾಶ್ಚರ್ಯ!’ ಎಂದು ನಾಗರತ್ನ ಪಿಸುಗುಟ್ಟುವುದು ಕೇಳಿಸುತ್ತಿತ್ತು. ಅವ್ವ ಮಾತ್ರ ನನ್ನನ್ನು ಓರೆಗಣ್ಣಿನಲ್ಲಿ ನೋಡಿಕೊಂಡು ಹೋಗುತ್ತಿದ್ದಳು. ಬೀದಿಯಲ್ಲಿ ಜನ ಎದ್ದು ನಿಂತು ನಮಸ್ಕಾರ ಹೇಳತೊಡಗಿದರು. ಸೈಕಲ್ ಬಿಟ್ಟು ನಡೆದುಕೊಂಡು ಓಡಾಡುವುದೂ ಒಂದು ವ್ರತ ಎಂದು ಯಾರೋ ಸುದ್ದಿ ಹಬ್ಬಿಸಿದರು. ನಾನು ಅದನ್ನು ಅಲ್ಲಗಳೆಯಲಿಲ್ಲ. ಸೈಕಲ್ಲಿನ ಪ್ರಶ್ನೆ ಅಷ್ಟರಮಟ್ಟಿಗೆ ಬಗೆಹರಿಯಿತಲ್ಲ ಎಂದು ನೆಮ್ಮದಿಯಾಯಿತು. ಕೀರ್ತಿ ಎಂಬುದು ಬಂದರೆ ಬೇಡ ಅನ್ನುವ ಗಂಡಸು ನಾನಲ್ಲ.

ಆ ಕೀರ್ತಿಯೇ ನನ್ನ ಕುತ್ತಿಗೆಗೆ ಬಂತು. ಶ್ರಾವಣದಲ್ಲಿ ನಮ್ಮ ಬೀದಿಯ ದವಸದ ವ್ಯಾಪಾರಿಗಳೊಬ್ಬರ ಮನೆಯಲ್ಲಿ ಸಾಮೂಹಿಕ ಶಿವಪೂಜೆ. ಹತ್ತಿರದ ಒಂದು ಮಠದ ವೃದ್ಧ ಅಯ್ಯನವರು ಬಂದಿದ್ದರು. ನಲವತ್ತು ಐವತ್ತು ಜನ. ನಾನು ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದೆ. ಮನೆಯ ಯಜಮಾನರು ರಟ್ಟೆ ಹಿಡಿದು ಎಬ್ಬಿಸಿ, ‘ನಿಮ್ಮಂಥೋರು ಹಿಂದ್ಗಡೆ ಕೂರೋದಾ? ಬನ್ನಿ ಬನ್ನಿ’ ಎಂದು ಅಯ್ಯನವರ ಎದುರಿಗೇ ಕೂರಿಸಿದರು. ಈಗ ಎಲ್ಲರೂ ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಳ್ಳಬೇಕು. ನಾನು ಹೆಬ್ಬೆರಳಿನಿಂದ ನಾಣ್ಯವನ್ನು ಒಳಗೇ ಒತ್ತಿ ಹಿಡಿದು, ಉಳಿದ ಬೆರಳಿನಿಂದ ಲಿಂಗವನ್ನು ಎತ್ತುವ ಒಂದು ಸಾಹಸ ಮಾಡಿದೆ. ಬೆರಳು ಬೆವೆತಿತ್ತು. ಠಣ್ ಎಂದು ನಾಣ್ಯ ಹೊರಕ್ಕೆ ಹಾರಿ ಸಿಮೆಂಟಿನ ನೆಲದ ಮೇಲೆ ಬಿದ್ದು, ಅಯ್ಯನವರ ಮಣೆಯ ಪಕ್ಕದಿಂದ ಉರುಳುತ್ತ ಹೆಂಗಸರ ಕಡೆಗೆ ಹೊರಟಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರೆ. ನಾನು ಹಂದಿ ಬಿಟ್ಟಿದ್ದೆ.

ಮಂತ್ರ ನಿಂತಿತು. ಐವತ್ತು ಜನರ ಕಣ್ಣು ಆ ನಾಣ್ಯದ ಹಿಂದೆಯೇ ಉರುಳಿ ಹೋಯಿತು. ಅದು ಸುತ್ತಿ ಸುತ್ತಿ ನಮ್ಮವ್ವನ ಮಂಡಿಯ ಹತ್ತಿರ ಮಲಗಿತು. ‘ಕರಡಿಗೆಯಿಂದ ಬಿದ್ದಿದ್ದೇನಪ್ಪಾ ಅದು?’ ಎಂದು ಅಯ್ಯನವರು ಕೇಳಿದರು. ಅವ್ವ ನಾಣ್ಯವನ್ನು ಎತ್ತಿಕೊಂಡಳು. ಕಣ್ಣಿನ ಹತ್ತಿರ ತಂದು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಂಡು ಗಟ್ಟಿಯಾಗಿ, ‘ಬಸವಣ್ಣ ಕಣ್ರೀ ಅಯ್ನೋರೇ! ನಮ್ಮಪ್ಪ ನಂದೀಶ!’ ಅಂದಳು.

ಹೋ ಎಂದು ಜನ ಎದ್ದರು. ನಾಣ್ಯ ಕೈಯಿಂದ ಕೈಗೆ ಹೋಯಿತು. ‘ಹೌದು ಕಣ್ಲಾ, ಹಿಣಿಲು ನೋಡು ಹಿಣಿಲು!’ ಎಂದು ಒಬ್ಬರು. ‘ಎಷ್ಟು ಚೆನ್ನಾಗಿ ಎದ್ದೈತೆ!’ ಎಂದು ಇನ್ನೊಬ್ಬರು. ಹಿಣಿಲೇ? ನಾನು ಕತ್ತು ಉದ್ದ ಮಾಡಿ ನೋಡಿದೆ. ಅಷ್ಟು ತಿಂಗಳು ಕರಡಿಗೆಯೊಳಗಿನ ವಿಭೂತಿಯ ಪುಡಿಯಲ್ಲಿ ಉಜ್ಜಿ ಉಜ್ಜಿ ಸಡಿಲವಾಗಿದ್ದ ಕಿಲುಬು, ನೆಲಕ್ಕೆ ಬಿದ್ದ ಪೆಟ್ಟಿಗೆ ಪೂರ್ತಿ ಬಿಟ್ಟುಹೋಗಿತ್ತು. ಬೆನ್ನ ಮೇಲೆ ಉಬ್ಬು ಸ್ಪಷ್ಟವಾಗಿ ನಿಂತಿತ್ತು. ರೋಮಿನ ಹೋರಿಗೆ ಹಿಣಿಲಿಲ್ಲ! ಜನ ಬಸವಣ್ಣನ ಗುರುತೆಂದು ಕೈಮುಗಿಯುತ್ತಿದ್ದದ್ದೇ ಅದು ಹಂದಿ ಎಂಬುದಕ್ಕೆ ಗುರುತು. ಶಿವ ನನ್ನ ಮೊರೆ ಕೇಳಿದ್ದ. ಕುಣಿಯಬೇಕೆನಿಸಿತು. ಅದೇ ಕ್ಷಣಕ್ಕೆ ಅಯ್ಯನವರು ನನ್ನ ಕಡೆ ತಿರುಗಿ, ‘ಬಸವಣ್ಣನ್ನ ಎದೆ ಮೇಲೆ ಇಟ್ಕೊಂಡಿದ್ದೀಯಲ್ಲಪ್ಪಾ. ಹೌದಾ?’ ಎಂದರು. ನಾನು ಹಲ್ಲು ಕಚ್ಚಿ, ‘ಹೌದು ಬುದ್ಧಿ’ ಅಂದೆ. ‘ಹಾಗಾದ್ರೆ ಮನೇಲಿಟ್ಟು ಪೂಜೆ ಮಾಡ್ರಿ. ಮನೆ ಬಿಟ್ಟು ಆಚೆ ಹೋಗಬಾರದು’ ಎಂದು ಅಪ್ಪಣೆಯಾಯಿತು.

ಅಲ್ಲಿಗೆ ನನ್ನ ಎರಡು ಸೈಕಲ್ಲು, ಒಂದು ರೇಡಿಯೋ ನಮ್ಮ ದೇವರ ಮನೆಯ ಪೀಠದ ಮೇಲೆ ಹೋಗಿ ಕೂತವು. ಅವ್ವ ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ ಪತ್ರೆ ಏರಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ವಿಭೂತಿಯನ್ನು ಒತ್ತಿ ಹಚ್ಚುತ್ತಾಳೋ ಮೆತ್ತಗೆ ಹಚ್ಚುತ್ತಾಳೋ ಎಂದು ಜೀವ ಹಿಡಿದುಕೊಂಡು ನೋಡುತ್ತಿದ್ದೆ. ‘ಮೆತ್ತಗೆ ಅವ್ವಾ’ ಅಂದರೆ, ‘ದೇವ್ರಿಗೆ ನೋವಾಗಲ್ಲ, ಹೋಗೋ’ ಅನ್ನುತ್ತಿದ್ದಳು. ಪಕ್ಕದ ಮನೆಯ ಕಮಲಕ್ಕ ತನ್ನ ಕೂಸು ರಚ್ಚೆ ಹಿಡಿದಾಗಲೆಲ್ಲ ಬಂದು ಆ ನಾಣ್ಯದ ಮೇಲಿನ ವಿಭೂತಿ ತೆಗೆದು ಕೂಸಿನ ಹಣೆಗೆ ಹಚ್ಚಿ ಹೋಗುತ್ತಿದ್ದಳು. ಕೂಸು ಸುಮ್ಮನಾಗುತ್ತಿತ್ತು. ಅದಕ್ಕೆ ನಾನೇನು ಮಾಡಲಿ?

ಕಾರ್ತಿಕದಲ್ಲಿ ಮರುಳಪ್ಪ ಮೇಷ್ಟ್ರು ಮೈಸೂರಿನ ಸಂಗ್ರಾಹಕರನ್ನು ಕರೆದುಕೊಂಡು ಬಂದೇಬಿಟ್ಟರು. ನಾನು ಬಾಗಿಲಲ್ಲೇ ಅವರನ್ನು ತಡೆದು ಕೈಮುಗಿದು, ‘ದಯವಿಟ್ಟು ಒಳಗೆ ಆ ಪ್ರಾಣಿಯ ಹೆಸರು ಎತ್ತಬೇಡಿ’ ಎಂದು ಕೇಳಿಕೊಂಡೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಅವ್ವ ತಟ್ಟೆಯಲ್ಲಿ ನಾಣ್ಯ ತಂದು ಮುಂದಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕೂಸನ್ನು ಎತ್ತಿಕೊಂಡು ಕಮಲಕ್ಕನೂ ಬಂದು ಪಕ್ಕದಲ್ಲಿ ನಿಂತಳು. ಸಂಗ್ರಾಹಕರು ಭೂತಗನ್ನಡಿ ಹಿಡಿದು ಬಗ್ಗಿದರು. ಅವರ ಕಿವಿ ಕೆಂಪಾಯಿತು. ‘ಮೇಷ್ಟ್ರೇ! ಅಪ್ಪಟ ಕಾಡುಹಂ...’ ಎಂದು ಅವರು ಬಾಯಿಬಿಟ್ಟದ್ದೇ ನನಗೆ ಎಲ್ಲಿಲ್ಲದ ಕೆಮ್ಮು ಬಂತು. ಕಾಫಿ ಲೋಟ ಉರುಳಿತು. ನಾಗರತ್ನ ನೀರು ತಂದಳು. ಮೇಷ್ಟ್ರು ನನ್ನ ಬೆನ್ನು ತಟ್ಟುವ ನೆವದಲ್ಲಿ ಕಿವಿಗೆ ಬಾಯಿಟ್ಟು, ‘ಅದೇ ಕಣಯ್ಯಾ! ಅದೇ! ಮೂರು ಸೈಕಲ್ಲಿನ ಬೆಲೆ ಹೇಳ್ತಾ ಇದ್ದಾರೆ’ ಎಂದರು.

ಮೂರು! ಕೊಟ್ಟುಬಿಡಲೇ ಎಂದು ತಲೆ ಎತ್ತಿದರೆ ಎದುರಿಗೆ ಕಮಲಕ್ಕ ಕೂಸಿನ ಎರಡೂ ಕೈ ಜೋಡಿಸಿ ತಟ್ಟೆಗೆ ಮುಗಿಸುತ್ತಿದ್ದಳು. ಅವ್ವ ನನ್ನನ್ನೇ ನೋಡುತ್ತಿದ್ದಳು. ‘ಇದು ಮನೆ ದೇವರು ಸ್ವಾಮಿ, ಕೊಡೋದಕ್ಕಾಗಲ್ಲ’ ಅಂದೆ. ಹಾಗೆಂದದ್ದು ನಾನೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸಂಗ್ರಾಹಕರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಮೇಷ್ಟ್ರು ಕೊಡೆ ತೆಗೆದುಕೊಂಡು ಹೊರಟುಹೋದರು. ಕಮಲಕ್ಕನೂ ವಿಭೂತಿ ತೆಗೆದುಕೊಂಡು ಹೋದಳು. ನಾನು ಜಗಲಿಗೆ ಹೋದೆ, ಒಳಗೆ ಬಂದೆ, ಹಿತ್ತಿಲಿಗೆ ಹೋದೆ, ಮತ್ತೆ ಒಳಗೆ ಬಂದೆ. ಸಿಟ್ಟು, ಸಂಕಟ, ಯಾರ ಮೇಲೆ ಎಂದು ಗೊತ್ತಿಲ್ಲ.

ಅವ್ವ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ಹೋದ್ರೇನೋ, ಆ ಹಂದಿ ಕೇಳ್ಕೊಂಡು ಬಂದೋರು?’ ಅಂದಳು.

ನಾನು ನಿಂತಲ್ಲೇ ನಿಂತೆ. ‘ಏನಂದೆ?’

‘ಹಿರೇನಲ್ಲೂರಾಗೆ ಕಡ್ಲೆಕಾಯಿ ಹೊಲ ಕಾಯ್ಕೊಂಡು ಬೆಳೆದೋಳು ಕಣೋ ನಾನು. ಹಂದಿ ಯಾವ್ದು ಬಸವಣ್ಣ ಯಾವ್ದು ಅಂತ ತಿಳಿಯಲ್ವಾ ನಂಗೆ? ಅವತ್ತು ಎತ್ಕೊಂಡಾಗ್ಲೇ ಗೊತ್ತಾಯ್ತು.’

‘ಮತ್ತೆ ಬಸವಣ್ಣ ಅಂದ್ಯಲ್ಲ!’

‘ಇನ್ನೇನನ್ಲಿ? ಅಷ್ಟು ಜನದ್ ಮುಂದೆ, ನನ್ ಮಗ ಕರಡಿಗೇಲಿ ಹಂದಿ ಇಟ್ಕೊಂಡವ್ನೆ ಅಂತ ಅನ್ನಾದಾ?’

‘ಸರಿ, ಮೊದಲೇ ನಿನಗೆ ತೋರಿಸಿದ್ದರೆ ಹೇಳ್ತಿದ್ದೆಯಾ? ವರ್ಷವಿಡೀ ಒದ್ದಾಡಿದ್ದೇನಲ್ಲ!’

‘ನೀನೆಲ್ ಕೇಳ್ದೆ? ರೈಲು ಹತ್ಕೊಂಡು ಅಜ್ಜಂಪುರಕ್ಕೆ ಹೋಗಿ ಕೇಳ್ತಿದ್ದೆ.’

ನನಗೆ ಮೈಯೆಲ್ಲ ಉರಿದುಹೋಯಿತು. ‘ಗೊತ್ತಿದ್ದೂ ದಿನಾ ಹಂದಿಗೆ ಪೂಜೆ ಮಾಡ್ತೀಯಲ್ಲ ಅವ್ವಾ, ನಿನಗೇನು ತಲೆ ಕೆಟ್ಟಿದೆಯಾ?’ ಎಂದು ಕೂಗಿದೆ.

ಅವ್ವನ ಕೈ ನಿಂತಿತು. ‘ಅದಕ್ಕೆಲ್ ಮಾಡ್ತೀನೋ ಪೂಜೆ?’ ಅಂದಳು, ದನಿ ಸಣ್ಣದು ಮಾಡಿ. ‘ಲಿಂಗ ಕಟ್ಟಿಸ್ಕೊಂಡಾಗಿಂದ ಪೂಜೆ ಹೊತ್ನಾಗೆ ಒಂದ್ ಸುಳ್ಳು ಹೇಳಿರ್ಲಿಲ್ಲ ನಾನು. ಅವತ್ತು ಅಯ್ನೋರ ಮುಖ ನೋಡ್ಕೊಂಡು ಹೇಳ್ಬಿಟ್ಟೆ. ದಿನಾ ವಿಭೂತಿ ಹಚ್ಚಿ, ತಪ್ಪಾಯ್ತು ಕಣಪ್ಪಾ, ಮಗನ ಮರ್ಯಾದೆಗೆ ಅಂದೆ ಅಂತ ಶಿವಂಗೆ ಹೇಳ್ಕೊತೀನಿ. ಅಷ್ಟೇಯ.’

ನಾನು ಅವಳ ಎದುರಿಗೆ ಕುಸಿದು ಕೂತೆ. ಹುಟ್ಟಿದ ಮೇಲೆ ಮೊದಲ ಸಲ, ಕೈಯಲ್ಲಿ ನಾಣ್ಯವಿಲ್ಲದೆಯೂ ಕೂತಲ್ಲಿ ಕೂತೆ. ಎದೆ ತುಂಬಿ ಬಂದಿತ್ತು. ಅಂಥ ಹೊತ್ತಿನಲ್ಲಿ ಮಗನಾದವನು ತಾಯಿಯ ಕಾಲು ಮುಟ್ಟಬೇಕು, ಇಲ್ಲ ಒಂದು ಒಳ್ಳೆಯ ಮಾತನ್ನಾದರೂ ಆಡಬೇಕು. ನಾನೂ ಬಾಯಿ ತೆರೆದೆ. ಅಲ್ಲಿಂದ ಬಂದದ್ದು, ‘ಅವ್ವಾ, ಅದು ಗಂಡೋ ಹೆಣ್ಣೋ?’ ಎಂಬ ಮಾತು.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

‘ಕೋರೆ ಕಾಣ್ಸಲ್ವೇನೋ ದಡ್ಡಾ?’ ಅಂದಳು. ‘ಗಂಡು.’